ರಿಯಲ್ ಟೆನಿಸ್ ಸ್ಕೋರ್ ಶೀಟ್: ‘ಬಾಕಿ’ ಕಾಲಂ ಸೇರಿತು

ರಿಯಲ್ ಟೆನಿಸ್ ಎಂದರೆ ಇಂದಿನ ಟೆನಿಸ್‌ಗೆ ಮೂಲವಾದ ಹಳೆಯ ಒಳಾಂಗಣ ಆಟ. ಅದರ ಬ್ರಿಟಿಷ್ ಓಪನ್ ಪಂದ್ಯಗಳ ವಿಡಿಯೊ ನೋಡುತ್ತಾ ಒಂದೊಂದು ಪಾಯಿಂಟನ್ನೂ ಬರೆದಿಡುವ ನನ್ನ ಶೀಟ್ ಈಗ ಒಂದು ಹದಕ್ಕೆ ಬಂದಿದೆ. ಈ ಟೂರ್ನಿಯ ಮನೆ ಲಂಡನ್ನಿನ ಕ್ವೀನ್ಸ್ ಕ್ಲಬ್. ಆಸ್ಟ್ರೇಲಿಯನ್, ಫ್ರೆಂಚ್, ಯುಎಸ್ ಓಪನ್‌ಗಳ ಜೊತೆ ಈ ಆಟದ ನಾಲ್ಕು ದೊಡ್ಡ ಓಪನ್‌ಗಳಲ್ಲಿ ಇದೂ ಒಂದು; ಪುರುಷರಿಗೂ ಮಹಿಳೆಯರಿಗೂ ಬ್ರಿಟಿಷ್ ಓಪನ್ ಉಂಟು.

ಕೋರ್ಟಿನ ನಕ್ಷೆ ಮುಗಿದಿದೆ. ನಾಲ್ಕು ಗೋಡೆಗಳ ನಡುವಿನ ಆಟ; ಮೂರು ಬದಿಗೆ ಪೆಂಟ್‌ಹೌಸ್ ಎಂಬ ಇಳಿಜಾರು ಚಾವಣಿ. ನೆಟ್ ತುದಿಗಳಲ್ಲಿ 5 ಅಡಿ, ನಡುವೆ 3 ಅಡಿ. ಸರ್ವ್ ಯಾವಾಗಲೂ ಒಂದೇ ತುದಿಯಿಂದ, ಅದೂ ಪೆಂಟ್‌ಹೌಸ್ ಮೇಲೆ ಬಿದ್ದೇ ಇಳಿಯಬೇಕು. ಸರ್ವರ್ ಬೆನ್ನ ಹಿಂದಿನ ದೆದಾಂ ಎಂಬ ಅಗಲವಾದ ತೆರಪಿಗೋ ಎದುರು ಮೂಲೆಯ ಗ್ರಿಲ್ ಎಂಬ ಚೌಕಕ್ಕೋ ಹೊಡೆದರೆ ನೇರ ಪಾಯಿಂಟ್. ಇವಕ್ಕೆಲ್ಲ ಸಂಕೇತ ಹಾಕುವುದು ಸಲೀಸು.

ಶೀಟಿನ ಜೀವ ಇರುವುದು ಚೇಸ್‌ನಲ್ಲಿ. ಚೆಂಡು ಎರಡನೇ ಸಲ ನೆಲಕ್ಕೆ ಬಡಿದರೂ ಪಾಯಿಂಟ್ ಅಲ್ಲಿಗೇ ತೀರಬೇಕೆಂದಿಲ್ಲ. ಹಿಂದಿನ ಗೋಡೆಯಿಂದ ಎಷ್ಟು ಗಜದಲ್ಲಿ ಬಡಿಯಿತೆಂದು ಮಾರ್ಕರ್, ಅಂದರೆ ಅಂಪೈರ್, ಕೂಗುತ್ತಾರೆ, ಪಾಯಿಂಟ್ ಬಾಕಿ ಉಳಿಯುತ್ತದೆ; ಇದೇ ಚೇಸ್. ಅಂಥ ಎರಡು ಚೇಸ್ ಆದರೆ, ಅಥವಾ ಒಬ್ಬರು ಗೇಮ್ ಪಾಯಿಂಟಿನಲ್ಲಿರುವಾಗ ಒಂದಾದರೂ, ಇಬ್ಬರೂ ತುದಿ ಬದಲಿಸುತ್ತಾರೆ. ಆಗ ಚೆಂಡು ಬಿಟ್ಟಿದ್ದವರು, ಎರಡನೇ ಪುಟಿತ ಆ ಗುರುತಿಗಿಂತ ಗೋಡೆಗೆ ಹತ್ತಿರ ಬೀಳುವ ಹಾಗೆ ಹೊಡೆಯಬೇಕು. ಸರಿಸಮ ಬಿದ್ದರೆ ಪಾಯಿಂಟ್ ಯಾರಿಗೂ ಇಲ್ಲ.

ಅದಕ್ಕೇ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ ‘ಬಾಕಿ’ ಕಾಲಂ ಸೇರಿಸಿದೆ: ಚೇಸ್ ಹಾಕಿದವರ, ಅಂದರೆ ಆ ಚೆಂಡು ಹೊಡೆದವರ, ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಗಜ, ತೀರಿದ ಮೇಲೆ ಅಡ್ಡಗೆರೆ. ಪಂದ್ಯ ಎತ್ತ ವಾಲುತ್ತಿದೆ ಎಂಬುದು ಈಗ ಕಾಗದದ ಮೇಲೇ ಕಾಣುತ್ತದೆ. ಸರ್ವ್ ತುದಿ ಗಳಿಸಲು ಚೇಸ್ ಬಿಟ್ಟು ಬೇರೆ ದಾರಿಯಿಲ್ಲ. ಗೋಡೆಯ ಬುಡದಲ್ಲಿ ಬಿದ್ದ ಒಂದು ಗಜದ ಚೇಸ್‌ನಿಂದ ಎರಡು ಲಾಭ: ಎದುರಾಳಿಗೆ ಮೀರಿಸುವುದು ಕಷ್ಟ, ಸರ್ವ್ ತುದಿಯೂ ಕೈಗೆ ಬರುತ್ತದೆ. ಚೆಂಡಿನೊಳಗೆ ಕಾರ್ಕ್, ಮೇಲೆ ಕೈಹೊಲಿಗೆಯ ಫೆಲ್ಟ್, ಪುಟಿತ ಕಡಿಮೆ. ಚೆನ್ನಾಗಿ ಕಟ್ ಮಾಡಿದ, ಅಂದರೆ ಚೆಂಡು ಹಿಮ್ಮುಖ ತಿರುಗುವಂತೆ ಸೀಳಿದ, ಹೊಡೆತ ಗೋಡೆಗೆ ತಾಗಿ ಅಲ್ಲೇ ಕುಸಿಯುತ್ತದೆ. ಓಡಿ ಹೋಗಿ ಎತ್ತುವುದೋ, ಐದು ಗಜಕ್ಕೆ ಬೀಳಲಿ ಎಂದು ಬಿಡುವುದೋ? ಆ ಅರೆಕ್ಷಣದ ತೀರ್ಮಾನವೇ ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಚೆಂದ. ಹಾಗೆ ಬೇಕೆಂದೇ ಬಿಟ್ಟ ಚೆಂಡುಗಳಿಗೆ ಕೆಂಪು ಚುಕ್ಕೆ ಇಡುತ್ತಿದ್ದೇನೆ.

ಮುಂದಿನ ಕೆಲಸ ಮಹಿಳೆಯರ ಪಂದ್ಯಗಳು. 2011ರಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆದ ಕ್ಲೇರ್ ಫಾಹಿ ಅವರ ಆಟವನ್ನು ಇದೇ ಶೀಟಿನಲ್ಲಿ ಇಳಿಸಬೇಕು. ಅದಕ್ಕೆ ಮೊದಲು ರೈಲ್‌ರೋಡ್, ಜಿರಾಫ್ ಮುಂತಾದ ಸರ್ವ್‌ಗಳಿಗೆ ಒಂದೊಂದು ಗುರುತು ಆಗಬೇಕು.