ಮನೇನೇ ಜೊತೆಗಿತ್ತಲ್ಲ, ಅವರಿಗೇನು ಚಿಂತೆ?

ಕೊರೊನಾ ಕಾಲದಲ್ಲಿ ಮೋಟರ್‌ಹೋಮ್ ಹತ್ತಿ ಯುರೋಪ್ ಸುತ್ತಿದವರ ಮಾತು ಬಂದರೆ ಸಾಕು, ಈ ಪ್ರಶ್ನೆ ಸಿದ್ಧವಾಗಿರುತ್ತದೆ: “ಮನೇನೇ ಜೊತೆಗಿತ್ತಲ್ಲ, ಅವರಿಗೇನು ಚಿಂತೆ? ಗಾಡಿಯೊಳಗೇ ಕ್ವಾರಂಟೈನ್, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿದರಾಯ್ತು, ಅಲ್ವಾ?” ಮ್ಯೂನಿಕ್‌ನಲ್ಲಿರುವ ನಮ್ಮವರೂ ಕೇಳುತ್ತಾರೆ, ಬೆಂಗಳೂರಿನಿಂದ ಫೋನ್ ಮಾಡುವವರೂ ಕೇಳುತ್ತಾರೆ. ಕೊನೆಯಲ್ಲಿ ‘ಅಲ್ವಾ’ ಅಂತ ಸೇರಿಸಿದವರಿಗೆ ಉತ್ತರ ಬೇಕಿರುವುದಿಲ್ಲ, ನಾವು ತಲೆಯಾಡಿಸಿದರೆ ಸಾಕು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅಲ್ಲ, ಸ್ವಾಮಿ. ಹಾಗಿರಲಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2020ರ ಮಾರ್ಚ್ 10ರಿಂದ ಇಡೀ ಇಟಲಿ ಬಂದ್. 14ಕ್ಕೆ ಸ್ಪೇನ್, 17ಕ್ಕೆ ಫ್ರಾನ್ಸ್. ನಡುವೆ 16ಕ್ಕೆ ಜರ್ಮನಿ ತನ್ನ ಕೆಲವು ಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಚಳಿಗಾಲ ಕಳೆಯಲು ಮೊರಾಕೊಗೆ ಹೋಗಿದ್ದ ಯುರೋಪಿನ ನೂರಾರು ಗಾಡಿಗಳು ಹಡಗಿಲ್ಲದೆ ಅಲ್ಲೇ ಸಿಕ್ಕಿಬಿದ್ದವು. ಜೂನ್ 3ಕ್ಕೆ ಇಟಲಿ, 15ಕ್ಕೆ ಜರ್ಮನಿ, 21ಕ್ಕೆ ಸ್ಪೇನ್ ಬಾಗಿಲು ತೆರೆದವು. ನವೆಂಬರ್ 2ರಿಂದ ಜರ್ಮನಿಯಲ್ಲಿ ಪ್ರವಾಸಕ್ಕಾಗಿ ಬಂದು ರಾತ್ರಿ ತಂಗುವುದು ಮತ್ತೆ ನಿಷಿದ್ಧ. ಹೋಟೆಲಿಗೆ ಅನ್ವಯಿಸಿದ್ದೇ ಕ್ಯಾಂಪ್‌ಸೈಟಿಗೂ ಅನ್ವಯಿಸಿತು. ಯುರೋಪಿನ ಕೋವಿಡ್ ಸರ್ಟಿಫಿಕೇಟ್ ಬಂದದ್ದು 2021ರ ಜುಲೈ 1ಕ್ಕೆ. ಎಂದರೆ ‘ಕೊರೊನಾ ಕಾಲದಲ್ಲಿ ಸುತ್ತಿದರು’ ಅನ್ನುವವರಲ್ಲಿ ಬಹುಪಾಲು ಜನ ಸುತ್ತಿದ್ದು ಎರಡು ಬೇಸಿಗೆಗಳಲ್ಲಿ ಸಿಕ್ಕ ಸಂದಿಯಲ್ಲಿ. ಇನ್ನು “ನಾವೂ ಆಗ ಬರಬಹುದಿತ್ತೇನೋ” ಅನ್ನುವ ಬೆಂಗಳೂರಿನವರಿಗೆ: ಬರಲಾಗುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲೇ ಯುರೋಪಿನ ಹೊರಗಿನ ಪ್ರವಾಸಿಗಳಿಗೆ ಬಾಗಿಲು ಹಾಕಿಯಾಗಿತ್ತು. ಇಲ್ಲಿಯ ರೆಸಿಡೆನ್ಸ್ ಪರ್ಮಿಟ್ ಇದ್ದವರಿಗಷ್ಟೇ ಆ ಭಾಗ್ಯ.

ಈಗ ‘ಎಲ್ಲಿ ಬೇಕೋ ಅಲ್ಲಿ’ ಅನ್ನುವ ಮಾತಿಗೆ ಬರೋಣ. ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು ಇದೇ. ಜರ್ಮನಿಯಲ್ಲಿ ಪಾರ್ಕಿಂಗ್ ಜಾಗದಲ್ಲಿ ಒಂದು ರಾತ್ರಿ ಮಲಗಬಹುದು, ಅದೂ ಮರುದಿನ ಡ್ರೈವ್ ಮಾಡಲು ದಣಿವಾರಿಸಿಕೊಳ್ಳುವುದಕ್ಕೆ. ಕುರ್ಚಿ ಹೊರಗಿಟ್ಟು ಮೇಲಾಪು ಬಿಡಿಸಿದಿರೋ, ಅದು ಕ್ಯಾಂಪಿಂಗ್ ಆಯಿತು. ಕ್ರೊಯೇಷಿಯಾ, ಸ್ಲೊವೇನಿಯಾ, ನೆದರ್ಲೆಂಡ್ಸ್‌ನಲ್ಲಿ ಕ್ಯಾಂಪ್‌ಸೈಟಿನ ಹೊರಗೆ ಬೀಡುಬಿಟ್ಟರೆ ದಂಡ. ನಾರ್ವೆಯವರ ‘ಎಲ್ಲರಿಗೂ ಕಾಡಿನ ಹಕ್ಕು’ ನಡೆದು ಹೋಗುವವರಿಗೆ, ಟೆಂಟ್ ಹಾಕುವವರಿಗೆ. ಅದನ್ನು ನಂಬಿಕೊಂಡು ಗಾಡಿಯನ್ನು ಹುಲ್ಲುಗಾವಲಿಗೆ ಇಳಿಸುವಂತಿಲ್ಲ. ಪೋರ್ಚುಗಲ್ ಅಂತೂ ಕೊರೊನಾ ನಡುವೆಯೇ, 2021ರ ಜನವರಿಯಲ್ಲಿ, ಗೊತ್ತುಪಡಿಸಿದ ಜಾಗದ ಹೊರಗೆ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮೋಟರ್‌ಹೋಮ್‌ನಲ್ಲಿ ತಂಗುವುದನ್ನೇ ನಿಷೇಧಿಸಿತು. ಗಲಾಟೆಯಾದ ಮೇಲೆ ಆಗಸ್ಟ್‌ನಲ್ಲಿ ಸಡಿಲಿಸಿ, ಸಂರಕ್ಷಿತ ಪ್ರದೇಶ ಬಿಟ್ಟು ಉಳಿದೆಡೆ ಒಂದೇ ಪುರಸಭೆ ವ್ಯಾಪ್ತಿಯಲ್ಲಿ 48 ಗಂಟೆ ಅಂತ ಮಾಡಿತು. ಇಷ್ಟೆಲ್ಲ ಹೇಳಿದ ಮೇಲೂ “ಆದ್ರೂ, ಯಾರು ನೋಡ್ತಾರೆ?” ಅನ್ನುತ್ತಾರೆ. ಏಳು ಮೀಟರ್ ಉದ್ದದ ಬಿಳಿ ಪೆಟ್ಟಿಗೆ ಅದು. ಊರಿಗೂರೇ ನೋಡುತ್ತದೆ.

‘ಗಾಡಿಯೊಳಗೇ ಕ್ವಾರಂಟೈನ್’ ಅನ್ನುವುದಕ್ಕೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. 2020ರ ನವೆಂಬರ್‌ನಲ್ಲಿ ಅಪಾಯದ ಪ್ರದೇಶದಿಂದ ಜರ್ಮನಿಗೆ ಬಂದವರು ನೇರವಾಗಿ ಮನೆಗೋ ತಕ್ಕ ವಸತಿಗೋ ಹೋಗಿ 10 ದಿನ ಒಳಗಿರಬೇಕಿತ್ತು. ಐದನೇ ದಿನದಿಂದ ಟೆಸ್ಟ್ ಮಾಡಿಸಿ ಬಿಡುಗಡೆ ಪಡೆಯಬಹುದಿತ್ತು. ಗಡಿ ದಾಟುವ ಮೊದಲೇ ಆನ್‌ಲೈನ್ ಅರ್ಜಿಯಲ್ಲಿ ವಿಳಾಸ ಬರೆಯಬೇಕು. ‘ಕೆರೆ ಪಕ್ಕದ ಪಾರ್ಕಿಂಗ್’ ವಿಳಾಸವಲ್ಲ. ಅದು ಬಿಡಿ, ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಸಾಧಾರಣ ಗಾಡಿಯಲ್ಲಿ ಒಳ್ಳೆ ನೀರು 100 ಲೀಟರ್, ಕೊಳಕು ನೀರಿನ ಟ್ಯಾಂಕು 90 ಲೀಟರ್, ಟಾಯ್ಲೆಟ್ಟಿನ ಕ್ಯಾಸೆಟ್, ಅಂದರೆ ಮಲಮೂತ್ರ ಸೇರುವ, ಎಳೆದು ತೆಗೆಯುವ ಪೆಟ್ಟಿಗೆ, 18 ಲೀಟರ್ ಆಸುಪಾಸು. ಇಬ್ಬರಿದ್ದು, ತಲಾ 10 ಲೀಟರಲ್ಲಿ ಸ್ನಾನ ಮುಗಿಸಿ, ಅಡುಗೆ ಮಾಡಿ ಪಾತ್ರೆ ತೊಳೆದರೆ ನೀರು ಮೂರು ದಿನ ಬಂದರೆ ಹೆಚ್ಚು. ಕ್ಯಾಸೆಟ್ಟೂ ಅಷ್ಟೆ, ಎರಡರಿಂದ ಮೂರು ದಿನ. ಅಂದರೆ 10 ದಿನದ ‘ಸಂಚಾರಿ ಕ್ವಾರಂಟೈನ್’ನಲ್ಲಿ ಕಡಿಮೆಯೆಂದರೂ ಮೂರು ಸಲ ಹೊರಗೆ ಬಂದು, ಹತ್ತಾರು ಜನ ಮುಟ್ಟಿದ ನಲ್ಲಿ ತಿರುಗಿಸಿ, ಕ್ಯಾಸೆಟ್ ಸುರಿದು ಬರಬೇಕು. ಇದನ್ನು ಪ್ರತ್ಯೇಕವಾಸ ಅನ್ನುತ್ತೀರಾ?

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: “ನಾಲ್ಕನೇ ದಿನ ಎಲ್ಲಿಗೆ ಹೋಗುತ್ತಿದ್ದರು?” ಇದನ್ನು ಯಾರೂ ಕೇಳುವುದಿಲ್ಲ. “ಟಾಯ್ಲೆಟ್ ಏನ್ ಮಾಡ್ತಿದ್ರಪ್ಪಾ?” ಅಂತ ಕಿಸಕ್ಕನೆ ನಗುವವರು ಹತ್ತಿರ ಬರುತ್ತಾರೆ, ಅಷ್ಟೆ. ನಗದೆ ಕೇಳಿದರೆ ಹೇಳುತ್ತೇನೆ.

ಹೋಗುತ್ತಿದ್ದದ್ದು ಸರ್ವಿಸ್ ಪಾಯಿಂಟಿಗೆ, ಅಂದರೆ ಒಳ್ಳೆ ನೀರು ತುಂಬಿಸಿಕೊಂಡು ಕೊಳಕನ್ನು ಸುರಿಯುವ ಜಾಗಕ್ಕೆ. ಜರ್ಮನಿಯ ಊರೂರಲ್ಲಿ ಮೋಟರ್‌ಹೋಮ್‌ಗೆಂದೇ ಇರುವ ಷ್ಟೆಲ್‌ಪ್ಲಾಟ್ಸ್ ಅನ್ನುವ ನಿಲುಗಡೆಗಳಲ್ಲಿ, ಫ್ರಾನ್ಸಿನ ಹಳ್ಳಿ ಹಳ್ಳಿಗಳಲ್ಲಿ ಇವು ಇವೆ. ಲಾಕ್‌ಡೌನ್ ಬಂದಾಗ ರಸ್ತೆಯಲ್ಲಿ ಗಾಡಿ ಓಡುತ್ತಿತ್ತು, ಬಂಕಿನಲ್ಲಿ ಡೀಸೆಲ್ ಸಿಗುತ್ತಿತ್ತು. ಇವು ಮಾತ್ರ ಎಷ್ಟೋ ಕಡೆ ಬೀಗ ಹಾಕಿಸಿಕೊಂಡವು. ಫ್ರಾನ್ಸಿನಲ್ಲಿ ಇನ್ನೊಂದು ತಮಾಷೆ. ಕೆಲವು ಯಂತ್ರಗಳು ನಾಣ್ಯ ತೆಗೆದುಕೊಳ್ಳುವುದಿಲ್ಲ, ಜೆತೋನ್ ಅನ್ನುವ ಬಿಲ್ಲೆಯನ್ನೇ ಹಾಕಬೇಕು. ಆ ಬಿಲ್ಲೆ ಮಾರುವುದು ಪ್ರವಾಸಿ ಕಚೇರಿಯವರು ಅಥವಾ ಬೇಕರಿಯವರು. ಪ್ರವಾಸಿ ಕಚೇರಿ ಬಂದ್, ಬೇಕರಿ ಓಪನ್. ಹಾಗಾಗಿ ನೀರು ಸಿಗುವುದು ಬಿಡುವುದು ಆ ಹಳ್ಳಿಯಲ್ಲಿ ಬಿಲ್ಲೆ ಯಾರ ಗಲ್ಲಾದಲ್ಲಿದೆ ಅನ್ನುವುದರ ಮೇಲೆ ನಿಂತಿತ್ತು.

ಸುರಿಯುವುದಕ್ಕೂ ಕ್ರಮವಿದೆ. ಗಾಡಿಯ ಪಕ್ಕದ ಪುಟ್ಟ ಬಾಗಿಲು ತೆಗೆದು ಕ್ಯಾಸೆಟ್ ಎಳೆಯಿರಿ, ಕೊಳವೆ ಹೊರಕ್ಕೆ ತಿರುಗಿಸಿ ಮುಚ್ಚಳ ಬಿಚ್ಚಿ. ಮುಚ್ಚಳವನ್ನು ಜೇಬಿಗೆ ಹಾಕಬೇಡಿ, ಸುರಿಯುವ ಗುಂಡಿಯ ಅಂಚಿನಲ್ಲೂ ಇಡಬೇಡಿ. ಕೊಳವೆ ಕೆಳಮುಖವಾದ ಮೇಲೆಯೇ ಕ್ಯಾಸೆಟ್‌ಗೆ ಗಾಳಿ ಬಿಡುವ ಬಟನ್ ಒತ್ತಿ ಹಿಡಿಯಬೇಕು. ಒತ್ತದಿದ್ದರೆ ಒಳಗೆ ಗಾಳಿ ಹೋಗದೆ ಗುಳಗುಳ ಅಂದು ಪ್ಯಾಂಟಿಗೆ ಸಿಡಿಯುತ್ತದೆ. ಮೊದಲೇ ಒತ್ತಿದರೆ ಕೈಗೆ. ಎರಡು ಸಲ ನೀರು ಹಾಕಿ ಕುಲುಕಿ ತೊಳೆದು, ಒಂದೆರಡು ಲೀಟರ್ ನೀರಿನ ಜೊತೆ ಔಷಧಿ ಹಾಕಿ ಒಳಗೆ ತಳ್ಳಿ. ಕ್ಯಾಸೆಟ್ ತೊಳೆಯುವ ನಲ್ಲಿಯೇ ಬೇರೆ, ಕುಡಿಯುವ ನೀರಿನ ನಲ್ಲಿಯೇ ಬೇರೆ. ಆ ದಿನಗಳಲ್ಲಿ ಜನ ನಲ್ಲಿಯ ಹಿಡಿಗೆಲ್ಲ ಸ್ಯಾನಿಟೈಸರ್ ಬಳಿದು, ಆಮೇಲೆ ಕುಡಿಯುವ ನೀರಿನ ನಲ್ಲಿಯ ಮೂತಿಯನ್ನೇ ಕ್ಯಾಸೆಟ್ ಬಾಯಿಗೆ ತುರುಕಿ ತೊಳೆಯುತ್ತಿದ್ದರು. ಕೊರೊನಾ ಬರದಿದ್ದರೂ ಭೇದಿ ಗ್ಯಾರಂಟಿ. ಜರ್ಮನಿಯಲ್ಲಿ 2020ರಲ್ಲಿ 78 ಸಾವಿರಕ್ಕೂ ಹೆಚ್ಚು ಹೊಸ ಮೋಟರ್‌ಹೋಮ್‌ಗಳು ನೋಂದಣಿಯಾದವು. ಅವನ್ನು ಕೊಂಡ ಹೊಸಬರು ಇದನ್ನು ಕಲಿತದ್ದು ಸರ್ವಿಸ್ ಪಾಯಿಂಟಿನ ಸಾಲಿನಲ್ಲಿ ನಿಂತೇ.

ಕೊಳಕು ನೀರನ್ನು ರಸ್ತೆಬದಿಯ ಮೋರಿಗೆ ಬಿಡುವಂತಿಲ್ಲ, ಮಳೆನೀರಿನ ಆ ಮೋರಿ ಎಷ್ಟೋ ಕಡೆ ಸೀದಾ ಹೊಳೆಗೆ ಸೇರುತ್ತದೆ. ನಮ್ಮ ಅಡುಗೆಯವರಿಗೆ ಒಂದು ಕಿವಿಮಾತು: ಒಗ್ಗರಣೆ ಬಾಣಲೆಯನ್ನು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ತುಪ್ಪ ಚಳಿಗೆ ಟ್ಯಾಂಕಿನೊಳಗೆ ಗಟ್ಟಿಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ.

“ಚಳಿಗಾಲದಲ್ಲಿ?” ಅಂತ ಕೇಳಿದವರು ಸ್ವಲ್ಪ ತಿಳಿದವರು. ಜರ್ಮನಿಯ 11 ಕಿಲೋ ಗ್ಯಾಸ್ ಸಿಲಿಂಡರನ್ನು ಫ್ರಾನ್ಸಿನಲ್ಲಿ ಬದಲಾಯಿಸಿ ಕೊಡುವುದಿಲ್ಲ, ಅಲ್ಲಿನದು ತಗೊಂಡರೆ ಬೇರೆ ಠೇವಣಿ, ಬೇರೆ ಅಡಾಪ್ಟರ್. ಹೆಪ್ಪುಗಟ್ಟುವ ಚಳಿಯಲ್ಲಿ ಒಂದು ಸಿಲಿಂಡರ್ ಮೂರ್ನಾಲ್ಕು ದಿನಕ್ಕೆ ಖಾಲಿ. ಬ್ಯೂಟೇನ್ ಸೊನ್ನೆ ಡಿಗ್ರಿಯಲ್ಲಿ ಆವಿಯಾಗದೆ ಕೂರುತ್ತದೆ, ಪ್ರೊಪೇನ್ ಅನ್ನೇ ಕೇಳಿ ಪಡೆಯಿರಿ. ಗ್ಯಾಸ್ ಉಳಿಸಲು ರಾತ್ರಿ ಹೀಟರ್ ಆರಿಸಿದರೆ, ಟ್ರುಮಾ ಕಾಂಬಿಯ (ಗಾಡಿಯನ್ನೂ ನೀರನ್ನೂ ಬಿಸಿ ಮಾಡುವ ಹೀಟರ್ ಅದು) ಪಕ್ಕದಲ್ಲಿರುವ ವಾಲ್ವ್ ಸುಮಾರು 3 ಡಿಗ್ರಿಗೆ ತಾನೇ ತೆರೆದುಕೊಂಡು ಬಾಯ್ಲರ್‌ನ 10 ಲೀಟರ್ ನೀರನ್ನು ಗಾಡಿಯಡಿಗೆ ಸುರಿದುಬಿಡುತ್ತದೆ. ಹೊಸಬರು ಲೀಕ್ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಅದು ಲೀಕ್ ಅಲ್ಲ, ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯದಿರಲಿ ಅಂತ ಮಾಡಿಟ್ಟ ವ್ಯವಸ್ಥೆ. ವಾಲ್ವ್ ಇರುವ ಜಾಗ 7 ಡಿಗ್ರಿ ದಾಟುವವರೆಗೆ ಅದರ ಗುಂಡಿ ನಿಲ್ಲುವುದೇ ಇಲ್ಲ. ಮೊದಲು ಹೀಟರ್ ಹಾಕಿ, ಅರ್ಧ ಗಂಟೆ ಕಾದು, ಆಮೇಲೆ ಒತ್ತಿ.