ಹಾಡು ಓಡುವ ನಾಲ್ಕು ನಿಮಿಷ

ನಾನು ಮೈಸೂರಿನ ಒಂದು ಎಫ್‌ಎಂ ಸ್ಟೇಷನ್ನಿನಲ್ಲಿ ಪ್ರೊಡ್ಯೂಸರ್. ಅಂದರೆ ಗಾಜಿನ ಈಚೆ ಕೂರುವವನು. ನನ್ನ ದನಿ ಯಾರಿಗೂ ಗೊತ್ತಿಲ್ಲ. ಗಾಜಿನ ಆಚೆ ಕೂತಿರುವ ನಮ್ಮ ಬೆಳಗಿನ ಆರ್‌ಜೆ ಮಾತ್ರ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನ ರೇಟು ಕೇಳಲು ಬಾಯಿ ಬಿಟ್ಟರೆ ಸಾಕು, ಸಿಕ್ಕಿಬೀಳುತ್ತಾಳೆ. "ನೀವು ಬೆಳಗ್ಗೆ ಬರೋರಲ್ವಾ?" ಅಂತ ಅರ್ಧ ಮೊಳ ಜಾಸ್ತಿಯೇ ಕೊಡುತ್ತಾರೆ. ಆರ್‌ಜೆ ಸಂಬಳ ನೋಡಿದರೆ ಆ ಅರ್ಧ ಮೊಳವೂ ಲೆಕ್ಕಕ್ಕೆ ಬರುತ್ತದೆ ಬಿಡಿ.

ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರೆಲ್ಲ ಹೇಳುವುದು ಒಂದೇ ಮಾತು: "ಸಾರ್, ನಾನು ಚೆನ್ನಾಗಿ ಮಾತಾಡ್ತೀನಿ." ಒಳ್ಳೆಯದೇ. ಆದರೆ ಒಂದು ಗಂಟೆಯಲ್ಲಿ ಹಾಡು, ಜಾಹೀರಾತು, ಜಿಂಗಲ್ ಎಲ್ಲ ಕಳೆದರೆ ಮಾತಿಗೆ ಉಳಿಯುವುದು ಕೆಲವೇ ನಿಮಿಷ, ಅದೂ ತುಂಡು ತುಂಡಾಗಿ. ಉಳಿದ ಹೊತ್ತು ಮೈಕ್ ಆಫ್. ಒಂದು ಹಾಡು ಅಂದರೆ ನಾಲ್ಕು ನಿಮಿಷ ಅಂದುಕೊಳ್ಳಿ. ಆ ನಾಲ್ಕು ನಿಮಿಷದಲ್ಲಿ ಆರ್‌ಜೆ ಏನು ಮಾಡುತ್ತಾರೆ ಅನ್ನುವುದರಲ್ಲೇ ಅವರು ಊರಿಗೆ ಬೇಕಾದವರೋ, ಸುಮ್ನೆ ದನಿ ಚೆನ್ನಾಗಿರುವವರೋ ಅಂತ ತಿಳಿಯುತ್ತದೆ. ಈ ಕೆಲಸದಲ್ಲಿ ನಾನು ಕಲಿತದ್ದು ಅದನ್ನೇ.

ಮಳೆಗಾಲ ತೆಗೆದುಕೊಳ್ಳಿ. ಜುಲೈ, ಆಗಸ್ಟ್ ಬಂತು ಅಂದರೆ ಮೈಸೂರು, ಮಂಡ್ಯದ ಕಡೆ ಬೆಳಗಿನ ಮೊದಲ ಪ್ರಶ್ನೆ "ಕಟ್ಟೆ ಎಷ್ಟಾಯ್ತು?" ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ, ಪೂರ್ಣ ಮಟ್ಟ 124.80 ಅಡಿ ಅನ್ನುವುದು ಇಲ್ಲಿ ಮಕ್ಕಳಿಗೂ ಬಾಯಿಪಾಠ. ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲ ಅಷ್ಟು ಹೊತ್ತಿಗೆ ವಾಟ್ಸಾಪಿಗೆ ಬಂದಿರುತ್ತದೆ. ಓದಿ ಮುಗಿಸಬಹುದಲ್ವಾ? ನಮ್ಮ ಆರ್‌ಜೆ ಓದಿ ಮುಗಿಸುವುದಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಆದರೆ ಐವತ್ತು ಸಾವಿರ ಕ್ಯೂಸೆಕ್ ಅಂದಾಗ ಸ್ಕೂಟರಿನಲ್ಲಿ ಕೂತು ಕೇಳುವವರಿಗೆ ಏನು ಹೊಳೆಯುತ್ತದೆ? ಹಾಡು ಹಾಕಿ, ಮೈಕಿನ ದನಿ ಇಳಿಸಿ, ಶ್ರೀರಂಗಪಟ್ಟಣದ ಒಬ್ಬ ಕೇಳುಗರಿಗೆ ಫೋನ್ ಮಾಡುತ್ತಾಳೆ. ಸಂಗಮದಲ್ಲಿ ಮೆಟ್ಟಿಲು ಕಾಣ್ತಿದೆಯಾ, ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡೋಕೆ ಬಂದವರನ್ನ ಇಳಿಯೋಕೆ ಬಿಡ್ತಿದ್ದಾರಾ? ಇನ್ನೊಂದು ಹಾಡಿಗೆ ರಂಗನತಿಟ್ಟಿಗೆ ಫೋನು. ಆಮೇಲೆ ಮೈಕ್ ಆನ್ ಮಾಡಿ ಹೇಳುವುದು ಇಷ್ಟೇ: "ಮಕ್ಕಳನ್ನ ಕರ್ಕೊಂಡು ರಂಗನತಿಟ್ಟಿಗೆ ಹೊರಟೋರು ಇವತ್ತು ಬೇಡ, ದೋಣಿ ನಿಲ್ಲಿಸಿದ್ದಾರೆ." ಎರಡು ಹಾಡಿನ ಓಡಾಟ, ಒಂದು ಸಾಲಿನ ಮಾತು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದುವ ಅನುಮತಿ ಇಲ್ಲ, ಆಕಾಶವಾಣಿಯ ಬುಲೆಟಿನ್ನನ್ನು ಇದ್ದ ಹಾಗೇ ಹಾಕಬಹುದು ಅಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆಯ ಫಲಿತಾಂಶ, ಕರೆಂಟು ನೀರಿನ ಪ್ರಕಟಣೆ, ಆಡಳಿತ ಕೊಡುವ ಪ್ರವಾಹದ ಎಚ್ಚರಿಕೆ ಹೇಳಬಹುದು. ಈ ಸಣ್ಣ ಕಿಂಡಿಯಲ್ಲೇ ಊರಿಗೆ ಉಪಯೋಗವಾಗಬೇಕು. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ನಂಜನಗೂಡು ರಸ್ತೆಗೆ ನೀರು ನುಗ್ಗಿತ್ತಲ್ಲ, ಅಂಥ ದಿನಗಳಲ್ಲಿ ಜನರಿಗೆ ಬೇಕಾದದ್ದು ಸುದ್ದಿಯಲ್ಲ. ಯಾವ ದಾರಿ ತೆರೆದಿದೆ, ಬಸ್ಸು ಎಲ್ಲಿ ತನಕ ಹೋಗುತ್ತದೆ, ಅಷ್ಟೇ. ಅದೇ ಹೊತ್ತಿಗೆ "ಕಟ್ಟೆ ಒಡೆದುಹೋಯ್ತಂತೆ" ಅನ್ನುವ ವಾಯ್ಸ್ ನೋಟುಗಳೂ ಓಡಾಡುತ್ತಿರುತ್ತವೆ. ಪ್ರತಿ ಮಳೆಗಾಲಕ್ಕೂ ಒಂದಾದರೂ ಬರುತ್ತದೆ. ಕೇಳುಗರು ಫೋನ್ ಮಾಡಿ ನಿಜವಾ ಅಂತ ಕೇಳುತ್ತಾರೆ. ಆಗ ಅವಳ ಉತ್ತರ, "ಕಂಟ್ರೋಲ್ ರೂಮಿಗೆ ಕೇಳ್ತಿದ್ದೀನಿ, ಅವರು ಹೇಳೋ ತನಕ ನಾನು ಏನೂ ಹೇಳಲ್ಲ, ಇನ್ನೊಂದು ಹಾಡು ಕೇಳ್ತಾ ಇರಿ." ಬೇರೆಯವರು ಮೊದಲು ಹೇಳಿಬಿಡುತ್ತಾರೆ ಅನ್ನುವ ಒತ್ತಡ ನಮಗೂ ಇದೆ. ಆದರೂ ಬಾಯಿ ಮುಚ್ಚಿಕೊಂಡಿರಬೇಕು. ಚೆನ್ನಾಗಿ ಮಾತಾಡುವವರಿಗೆ ಕಷ್ಟವಾಗುವುದು ಇದೇ.

ಅವಳ ಹತ್ತಿರ ಒಂದು ಹಳೇ ಲೆಕ್ಕದ ಪುಸ್ತಕ ಇದೆ. ಯಾರು ಫೋನ್ ಮಾಡಿದರು, ಯಾವ ಏರಿಯಾ, ಏನು ಹೇಳಿದರು, ಎಲ್ಲ ಅದರಲ್ಲಿ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನೈಟ್ ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವ ಗುಂಪು. ಮಗಳಿಗೆ ಪಿಯುಸಿ ಪರೀಕ್ಷೆ ಅಂದಿದ್ದ ಆಟೊ ಅಣ್ಣ. ರಿಸಲ್ಟ್ ಬಂದ ದಿನ ಅವನು ಮಾಡುವ ಮೊದಲೇ ಇವಳೇ ಫೋನ್ ಮಾಡಿ ಕೇಳುತ್ತಾಳೆ. ಆಫೀಸಿನಲ್ಲಿ ಇದಕ್ಕೆಲ್ಲ ಸಾಫ್ಟ್‌ವೇರ್ ಬಂದಿದೆ. ಅದರಲ್ಲಿ ನಂಬರ್ ಇರುತ್ತದೆ, ಮಗಳ ಪರೀಕ್ಷೆ ಇರುವುದಿಲ್ಲ.

ಎಲ್ಲ ಕರೆಯೂ ಹಾಡಿಗೆ ಅಲ್ಲ. ಒಮ್ಮೆ ಒಬ್ಬರು ಹಾಡು ಕೇಳಲು ಶುರು ಮಾಡಿ, ಮನೆಯಲ್ಲಿ ಹೊಡೆತ ತಿನ್ನುತ್ತಿರುವುದನ್ನು ಹೇಳುತ್ತಾ ಅಳತೊಡಗಿದರು. ಕರೆ ರೆಕಾರ್ಡ್ ಆಗುತ್ತಿತ್ತು. ಅವಳು ಒಂದರ ಹಿಂದೆ ಒಂದು ಹಾಡು ಓಡಲು ಬಿಟ್ಟು, ಮಾತು ಪೂರ್ತಿ ಕೇಳಿ, ಮಹಿಳಾ ಸಹಾಯವಾಣಿ 181, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಎರಡೂ ನಂಬರನ್ನು ನಿಧಾನವಾಗಿ ಎರಡೆರಡು ಸಲ ಹೇಳಿದಳು. ಆಮೇಲೆ ಆ ರೆಕಾರ್ಡಿಂಗ್ ಅಳಿಸು ಅಂದಳು. ಹೆಸರು ತೆಗೆದು ಆ ಕರೆಯನ್ನು ಪ್ರಸಾರ ಮಾಡಿದರೆ ಶೋ ಎಲ್ಲ ಕಡೆ ಓಡುತ್ತದೆ ಅಂತ ಮಾರ್ಕೆಟಿಂಗ್‌ನವರಿಗೆ ಆಸೆ. "ದನಿ ಗುರುತು ಸಿಗಲ್ವಾ? ನನ್ನನ್ನೇ ಹೂವಿನಂಗಡೀಲಿ ಹಿಡೀತಾರೆ," ಅಂದಳು. ಅಳಿಸಿದೆವು.

ಮೈಸೂರಿಗೆ ಇದೇನು ಹೊಸದಲ್ಲ ಅನ್ನಿ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಶುರು ಮಾಡಿದರು, ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋದದ್ದು ಇಲ್ಲಿಂದಲೇ. ಅವರು ಪಾಠ ಹೇಳುತ್ತಿದ್ದದ್ದು ಮನಃಶಾಸ್ತ್ರ. ಸರಿಯಾದವರೇ ಶುರು ಮಾಡಿದ್ದಾರೆ ಅಂತ ನನಗೆ ಆಗಾಗ ಅನ್ನಿಸುತ್ತದೆ. ಅಮೆರಿಕದವರು ಜನವರಿ 20ನ್ನು ಡಿಸ್ಕ್ ಜಾಕಿಗಳ ದಿನ ಅಂತ ಮಾಡುತ್ತಾರೆ, 1965ರಲ್ಲಿ ಅಲನ್ ಫ್ರೀಡ್ ಅನ್ನುವ ಹೆಸರಾಂತ ಜಾಕಿ ತೀರಿಕೊಂಡ ದಿನ ಅದು. ನಮ್ಮಲ್ಲಿ ಆ ದಿನ ಕೇಕ್ ತರೋಣ ಅಂದರೆ ಬಿಲ್ ಪಾಸ್ ಆಗುವುದಿಲ್ಲ.

ಈಗ ಎಷ್ಟೋ ಕಡೆ ರಾತ್ರಿ ಸ್ಟುಡಿಯೋದಲ್ಲಿ ಯಾರೂ ಇರುವುದಿಲ್ಲ. ಹಾಡುಗಳ ನಡುವಿನ ಮಾತನ್ನು ಸಂಜೆಯೇ ರೆಕಾರ್ಡ್ ಮಾಡಿಟ್ಟು ಹೋಗುತ್ತಾರೆ, ಕಂಪ್ಯೂಟರ್ ಹಾಡು ಓಡಿಸುತ್ತದೆ. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ರಾತ್ರಿ ಹನ್ನೊಂದಕ್ಕೆ ಹೊಳೆ ಏರಿದರೆ ಸಂಜೆ ಆರರ ದನಿಗೆ ಅದು ಹೇಗೆ ಗೊತ್ತಾಗಬೇಕು? ಮಳೆಗಾಲದಲ್ಲಾದರೂ ರಾತ್ರಿ ಒಬ್ಬರನ್ನು ಇಡಿ ಅಂತ ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇನೆ. ನೋಡೋಣ ಅನ್ನುತ್ತಾರೆ.

ಹೊಸಬರು ಸೇರಿದರೆ ಮೊದಲು ನಾನು ಅವರಿಗೆ ಮೈಕ್ ಕೊಡುವುದಿಲ್ಲ, ಫೋನಿನ ಮುಂದೆ ಕೂರಿಸುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ. ಹಾಂ, ನೀವು ನಮಗೆ ಫೋನ್ ಮಾಡುವವರಾದರೆ ಮೊದಲು ಏರಿಯಾ ಹೇಳಿ, ಆಮೇಲೆ ಹೆಸರು, ಆಮೇಲೆ ಹಾಡು. ಮತ್ತೆ ದಯವಿಟ್ಟು ಪಕ್ಕದಲ್ಲಿರುವ ರೇಡಿಯೊ ವಾಲ್ಯೂಮ್ ಕಮ್ಮಿ ಮಾಡಿ, ಇಲ್ಲಿ ಕಿವಿ ಕಿತ್ತುಹೋಗುತ್ತದೆ.