ಮಂಡಗದ್ದೆ ದಾಟಿದ ಮೇಲೆ ಒಂದು ಮಧ್ಯಾಹ್ನ

ಏಪ್ರಿಲ್ ಕೊನೆಯಲ್ಲಿ ಶಿವಮೊಗ್ಗದಿಂದ ಆಗುಂಬೆಗೆ ಕರೆಂಟ್ ಸ್ಕೂಟರಿನಲ್ಲಿ ಹೋಗಿಬಂದೆ. ಎರಡು ರಾತ್ರಿ, ಮೂರು ಹಗಲು. ಅದರಲ್ಲಿ ಒಂದು ಮಧ್ಯಾಹ್ನದ ಬಗ್ಗೆಯೇ ಬರೆಯಬೇಕು ಅಂತ ಕೂತಿದ್ದೇನೆ.

ಬೆಳಿಗ್ಗೆ ಆರಕ್ಕೆ ಹೊರಡುವ ಯೋಚನೆ ಇತ್ತು. ಮನೆಗೆ ನೆಂಟರು ಬಂದರು. ತಿಂಡಿ, ಮಾತು ಮುಗಿಯುವಾಗ ಹತ್ತೂವರೆ. ಶಿವಮೊಗ್ಗದ ಬಿಸಿಲು ಗೊತ್ತಲ್ವಾ? ಹನ್ನೊಂದು ಗಂಟೆಗೆ ರಸ್ತೆಯಿಂದ ಮುಖಕ್ಕೆ ಹಬೆ ಹೊಡೆಯುತ್ತದೆ. ಹಿಂದಿನ ರಾತ್ರಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಇಟ್ಟಿದ್ದೆ. ದೂರದ ದಾರಿ, ಒಂದು ಹನಿಯೂ ಕಮ್ಮಿ ಆಗಬಾರದು ಅಂತ.

ಗಾಜನೂರು ಡ್ಯಾಮ್ ದಾಟಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಬರುವಾಗ ಆನೆಗಳ ಸ್ನಾನ ಮುಗಿದಿತ್ತು. ಅದನ್ನು ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಬೇಜಾರಾಯಿತು. ಆ ಬೇಜಾರಿಗೆ ಅಂತಲೇ ಮಂಡಗದ್ದೆಯಲ್ಲಿ ಜಾಸ್ತಿ ಹೊತ್ತು ನಿಂತೆ. ಬೇಸಿಗೆಯಲ್ಲಿ ಅಲ್ಲಿ ಹಕ್ಕಿಗಳ ಗೌಜಿ ಇರುವುದಿಲ್ಲ. ಬೆಳ್ಳಕ್ಕಿ, ನೀರುಕಾಗೆ ಬಂದು ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ. ಆದರೂ ತುಂಗೆಯ ನಡುವಿನ ಆ ನಡುಗಡ್ಡೆಯ ಮರಗಳನ್ನು ಸುಮ್ನೆ ನೋಡುತ್ತಾ ಕೂರುವುದು ನನಗೆ ಇಷ್ಟ. ಊಟ, ಹೊಳೆ, ನೆರಳು ಅಂತ ಒಂದೂವರೆ ಗಂಟೆ ಹೋಯಿತು. ನಾನು ನೆರಳಲ್ಲಿ ಕೂತಿದ್ದೆ. ಗಾಡಿ ಡಾಂಬರಿನ ಮೇಲೆ ಬಿಸಿಲಲ್ಲಿ ನಿಂತಿತ್ತು.

ತಿರುಗಿ ಹತ್ತುವಾಗ ಸೀಟು ಕಾದ ಕಾವಲಿ. ಹೊತ್ತಾಯಿತು ಅಂತ ಸ್ಪೋರ್ಟ್ ಮೋಡಿಗೆ ಹಾಕಿ ಓಡಿಸಿದೆ. ಮುಂದೆ ಒಂದು ಬಸ್ಸು, ಏರು, ಮತ್ತೆ ಇಳಿಜಾರು, ಇನ್ನೊಂದು ಬಸ್ಸು. ಏಳೆಂಟು ಕಿಲೋಮೀಟರ್ ಹೋಗಿರಬಹುದು. ಹಠಾತ್ತಾಗಿ ಪಿಕಪ್ ಬಿತ್ತು. ಎಷ್ಟು ತಿರುಗಿಸಿದರೂ ಸ್ಪೀಡು ಇಪ್ಪತ್ತೈದರ ಮೇಲೆ ಹೋಗುತ್ತಿಲ್ಲ. ಡಿಸ್‌ಪ್ಲೇಯಲ್ಲಿ ಕೆಂಪು ಗುರುತು. ರಸ್ತೆ ಬದಿಗೆ ನಿಲ್ಲಿಸಿ ಫೋನಿನ ಆ್ಯಪ್ ತೆಗೆದೆ. ಚಾರ್ಜು 44 ಪರ್ಸೆಂಟು. ಬ್ಯಾಟರಿ 52 ಡಿಗ್ರಿ.

ಎದೆ ಧಸಕ್ ಎಂದಿತು. ಗಾಡಿ ತಗೊಂಡು ಏಳು ತಿಂಗಳು ಅಷ್ಟೆ.

ಅಲ್ಲೇ ರಸ್ತೆಯಿಂದ ಸ್ವಲ್ಪ ಕೆಳಗೆ ಒಂದು ಹೆಂಚಿನ ಮನೆ. ಅಂಗಳಕ್ಕೆಲ್ಲ ಅಡಿಕೆ ದಬ್ಬೆಯ ಚಪ್ಪರ, ಮೇಲೆ ಸೋಗೆ. ಜಗಲಿಯಲ್ಲಿ ಕೂತಿದ್ದ ಅಜ್ಜ ಕೂಗಿ ಕೇಳಿದರು.

"ಎಂತ ಆತು? ಪೆಟ್ರೋಲ್ ಖಾಲಿಯಾ?"

"ಕರೆಂಟ್ ಗಾಡಿ ಅಜ್ಜ. ಬ್ಯಾಟರಿ ಬಿಸಿಯಾಗಿದೆ."

"ಹಂಗಾರೆ ಬಿಸಿಲಲ್ಲಿ ಎಂತಕ್ಕೆ ನಿಂತಿದೀರಿ ಮಾರಾಯ್ರೆ? ಒಳಗೆ ತನ್ನಿ."

ತಳ್ಳಿಕೊಂಡು ಅಂಗಳಕ್ಕೆ ಇಳಿಸಿದೆ. ಚಪ್ಪರದಾಚೆ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. "ಆಚೆ ಬದಿಗೆ ನಿಲ್ಸಿ, ಹಪ್ಪಳಕ್ಕೆ ನೆರಳು ಬೀಳ್ತದೆ" ಅಂದರು ಅಜ್ಜಿ. ನಾನು ಬೈದುಕೊಳ್ಳುತ್ತಿದ್ದ ಬಿಸಿಲು ಅವರಿಗೆ ಬೇಕಾಗಿತ್ತು. ಆಮೇಲೆ "ಆಸರಿಗೆ ಎಂತ ಕೊಡಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಚೊಂಬು ಮಜ್ಜಿಗೆ ತಂದರು. ಸೂಜಿ ಮೆಣಸು ಜಜ್ಜಿ ಹಾಕಿದ್ದು. ಪೇಟೆಯ ಪ್ಯಾಕೆಟ್ ಮಜ್ಜಿಗೆ ಯಾಕೆ ಹುಟ್ಟಿತೋ ಅನ್ನಿಸುವ ರುಚಿ.

ಚಾರ್ಜ್ ಮಾಡಿಕೊಳ್ಳಬಹುದಾ ಅಂತ ಕೇಳಿದೆ. ಗ್ರೈಂಡರಿಗೆ ಹಾಕಿಸಿದ ದೊಡ್ಡ ಪಿನ್ನಿನ ಸಾಕೆಟ್ಟು ಜಗಲಿಯ ಗೋಡೆಯಲ್ಲೇ ಇತ್ತು. ಅರ್ತಿಂಗ್ ಸರಿ ಇದೆಯಾ ಅಂದಿದ್ದಕ್ಕೆ ಅಜ್ಜ ನನ್ನನ್ನು ಮನೆಯ ಹಿಂದೆ ಕರೆದುಕೊಂಡು ಹೋದರು. ಇದ್ದಿಲು, ಉಪ್ಪು ತುಂಬಿ ಮಾಡಿದ ಗುಂಡಿ. ಸುತ್ತ ಮಣ್ಣು ಒದ್ದೆ. "ಬೇಸಿಗೆಯಲ್ಲಿ ಮಣ್ಣು ಒಣಗಿದ್ರೆ ಅರ್ತು ಹಿಡಿಯೂದಿಲ್ಲ. ದಿನಾ ಎರಡು ಕೊಡ ಹೊಯ್ತೇನೆ" ಎಂದರು. ಶಿವಮೊಗ್ಗದಲ್ಲಿ ನನ್ನ ಮನೆಯ ಅರ್ತಿಂಗ್ ಗುಂಡಿ ಎಲ್ಲಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಪ್ಲಗ್ ಹಾಕಿದೆ. ಚಾರ್ಜರಿನಲ್ಲಿ ಕೆಂಪು ದೀಪ. ಚಾರ್ಜ್ ಏರುತ್ತಿಲ್ಲ. ತೆಗೆದು ಹಾಕಿದೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಅದೇ ಕೆಂಪು. ಬ್ಯಾಟರಿಯೇ ಹೋಯಿತು ಅಂತ ನನಗೆ ಖಾತ್ರಿಯಾಯಿತು. ಒಂದು ಕೊಡ ತಣ್ಣೀರು ತಂದು ಅದರ ಮೇಲೆ ಹೊಯ್ಯಲಾ ಅಂತಲೂ ಯೋಚಿಸಿದೆ.

ಅಜ್ಜ ಹತ್ತಿರ ಬಂದು ಗಾಡಿಯ ಹೊಟ್ಟೆಗೆ ಅಂಗೈ ಇಟ್ಟು ನೋಡಿದರು. "ತಮ್ಮಾ, ಎತ್ತು ಗದ್ದೆಯಿಂದ ಬಂದ ಕೂಡ್ಲೆ ಅಕ್ಕಚ್ಚು ಇಡ್ತಾರಾ? ಕಟ್ಟಿಹಾಕಿ, ಬೆವರು ಆರಿದ ಮೇಲೆ ಇಡೂದು. ಇದಕ್ಕೂ ದಣಿವು ಆರಲಿ. ನೀನೂ ಕೂತ್ಕೋ."

ಅಕ್ಕಚ್ಚು ಅಂದರೆ ದನಕ್ಕೆ ಕುಡಿಯಲು ಇಡುವ ಅಕ್ಕಿ ತೊಳೆದ ನೀರು. ಬನ್ನಿ ಹೋಗಿ ಅನ್ನುತ್ತಿದ್ದವರು ಆಗಲೇ ನೀನು ಅಂದರು. ಕೂತೆ.

ಅವರು ಹೇಳಿದ್ದು ಎಷ್ಟು ಸರಿ ಅಂತ ಆಮೇಲೆ ಗೊತ್ತಾಯಿತು. ನಮ್ಮ ಗಾಡಿಗಳಲ್ಲಿ ಇರುವುದು ಲಿಥಿಯಂ ಸೆಲ್ಲುಗಳು. ಸಾಮಾನ್ಯವಾಗಿ ಸೆಲ್ಲಿನ ಬಿಸಿ 45 ಡಿಗ್ರಿ ದಾಟಿದರೆ ಒಳಗಿನ ಕಾವಲು ಸರ್ಕಿಟ್ಟು ಚಾರ್ಜ್ ಒಳಗೆ ಬಿಡುವುದಿಲ್ಲ. ಓಡಿಸಲು ಅದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿಯಾದರೂ ನಡೆಯುತ್ತದೆ, ಆದರೆ ಶಕ್ತಿ ಇಳಿಸಿಬಿಡುತ್ತದೆ. ಕೆಟ್ಟಿದೆ ಅಂತ ನಾನು ಅಂದುಕೊಂಡಾಗ ಅದು ತನ್ನನ್ನು ಕಾಪಾಡಿಕೊಳ್ಳುತ್ತಿತ್ತು. ತಪ್ಪೆಲ್ಲ ನನ್ನದೇ. ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತಷ್ಟೂ ಸೆಲ್ಲಿಗೆ ಬೇಗ ಮುಪ್ಪು. ಬಿಸಿಲಲ್ಲಿ ಒಂದೂವರೆ ಗಂಟೆ ನಿಲ್ಲಿಸಿ, ಕಾದ ಗಾಡಿಯನ್ನು ಸ್ಪೋರ್ಟ್ ಮೋಡಿನಲ್ಲಿ ಏರು ಹತ್ತಿಸಿದ್ದೆ.

ಶೋರೂಮಿನವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಗಾಡಿ ಕೊಡುವಾಗ "ದಿನಾ ರಾತ್ರಿ ಫುಲ್ ಮಾಡಿ, ಅಷ್ಟೇ ಸರ್" ಅಂದಿದ್ದರು. ಬೇಸಿಗೆಯ ಬಗ್ಗೆ ಒಂದು ಮಾತು ಹೇಳಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ದಿನದ ಓಡಾಟಕ್ಕೆ 80 ಪರ್ಸೆಂಟು ಚಾರ್ಜು ಸಾಕು. ದೂರ ಹೋಗುವುದಿದ್ದರೆ ಮಾತ್ರ ಫುಲ್, ಅದೂ ಹೊರಡುವ ಹೊತ್ತಿಗೆ ತುಂಬುವ ಹಾಗೆ. ಬಿಸಿಲಿಂದ ಬಂದ ಕೂಡಲೇ ಪ್ಲಗ್ ಹಾಕಬೇಡಿ, ಕಮ್ಮಿ ಅಂದರೆ ಮುಕ್ಕಾಲು ಗಂಟೆ ನೆರಳಲ್ಲಿ ಬಿಡಿ. ಚಾರ್ಜರೂ ಬಿಸಿಯಾಗುತ್ತದೆ, ಅದನ್ನು ಸೀಟಿನ ಮೇಲೋ ಬ್ಯಾಗಿನ ಒಳಗೋ ಇಟ್ಟು ಚಾರ್ಜ್ ಮಾಡಬೇಡಿ. ಟೈರಿನ ಗಾಳಿ ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ. ಓಡಿಸಿ ಕಾದ ಮೇಲೆ ನೋಡಿದರೆ ಗಾಳಿ ಜಾಸ್ತಿ ತೋರಿಸುತ್ತದೆ.

ಆ ಮಧ್ಯಾಹ್ನ ಮಾತು ಎಲ್ಲೆಲ್ಲಿಗೋ ಹೋಯಿತು. "ಬೆಂಕಿ ಹಿಡಿತದೆ ಅಂತ ಹೇಳ್ತಾರಲ್ಲ?" ಎಂದು ಅಜ್ಜಿ ಕೇಳಿದರು. 2022ರ ಬೇಸಿಗೆಯಲ್ಲಿ ಅಲ್ಲಲ್ಲಿ ಸ್ಕೂಟರುಗಳು ಸುಟ್ಟದ್ದು ನಿಜ, ಆಮೇಲೆ ಸರ್ಕಾರ ಬ್ಯಾಟರಿ ನಿಯಮ ಬಿಗಿ ಮಾಡಿತು, 2022ರ ಡಿಸೆಂಬರಿನಿಂದ ಅದು ಜಾರಿಗೆ ಬಂತು, ನನ್ನದು ಅದಾದ ಮೇಲಿನ ಗಾಡಿ ಎಂದೆ. ಅವರು ಹಪ್ಪಳ ಮಗುಚುತ್ತಾ ಕೇಳಿಸಿಕೊಂಡರು. ಮಗುಚಿ ಮುಗಿದ ಮೇಲೆ ಹುಲ್ಲಿನ ಬಣವೆ ಕಡೆ ಒಮ್ಮೆ ನೋಡಿ, ಗಾಡಿಯನ್ನು ಇನ್ನೂ ನಾಲ್ಕು ಹೆಜ್ಜೆ ಈಚೆ ತರಿಸಿದರು. ಸರಿಯಾದ ಕೆಲಸವೇ.

"ಒಂದು ಸಲ ತುಂಬಲಿಕ್ಕೆ ಎಷ್ಟು ಕರೆಂಟು?" ಇದು ಅಜ್ಜ.

"ಮೂರು ಯುನಿಟ್ಟು. ಚಾರ್ಜ್ ಆಗುವಾಗ ಸ್ವಲ್ಪ ಜಾಸ್ತಿ ಎಳೆಯುತ್ತದೆ."

ಅವರ ತೋಟದ ಮೋಟರು 5 ಎಚ್‌ಪಿ. ಅದು ಒಂದು ಗಂಟೆ ಓಡಿದರೆ ಮೂರೂ ಮುಕ್ಕಾಲು ಯುನಿಟ್ಟಿನ ಹತ್ತಿರ. ಬೆರಳು ಮಡಚಿ ಲೆಕ್ಕ ಹಾಕಿದರು. "ಹಂಗಾರೆ ನಾನು ತೋಟಕ್ಕೆ ಒಂದು ತಾಸು ನೀರು ಬಿಡೋ ಕರೆಂಟಲ್ಲಿ ನೀನು ಆಗುಂಬೆ ಮುಟ್ತೀಯಾ?"

ಹೆಚ್ಚುಕಮ್ಮಿ ಹೌದು. ಅವರ ಮುಖದಲ್ಲಿ ಆದ ಖುಷಿ ನನ್ನದೂ ಆಯಿತು. ಈ ಗಾಡಿ ತಗೊಂಡ ಮೇಲೆ ಎಷ್ಟೋ ಜನ ರೇಂಜು ಕೇಳಿದ್ದಾರೆ, ರೇಟು ಕೇಳಿದ್ದಾರೆ. ತೋಟದ ನೀರಿನಲ್ಲಿ ಅಳೆದವರು ಇವರೊಬ್ಬರೇ.

ಮೂರೂ ಮುಕ್ಕಾಲಿಗೆ ಆ್ಯಪಿನಲ್ಲಿ 43 ಡಿಗ್ರಿ. ಪ್ಲಗ್ ಹಾಕಿದೆ. ಹಸಿರು ದೀಪ ಮಿಣುಕಿತು. "ಹಿಡೀತು!" ಎಂದು ಕೂಗಿದವರು ಅಜ್ಜ.

ಆರು ಗಂಟೆಗೆ ಚಾರ್ಜು 85 ಪರ್ಸೆಂಟು ಆಗಿತ್ತು. ದುಡ್ಡು ಕೊಡಲು ಹೋದೆ. ಅಜ್ಜ ಜಗಲಿಯಿಂದ ಎದ್ದು ಒಳಗೇ ಹೋಗಿಬಿಟ್ಟರು.

ತೀರ್ಥಹಳ್ಳಿಯಲ್ಲಿ ಉಳಿದೆ, ಮರುದಿನ ಆಗುಂಬೆ. ಸೂರ್ಯಾಸ್ತಕ್ಕೆ ಮಬ್ಬು ಕವಿದು ಸಮುದ್ರ ಕಾಣಲಿಲ್ಲ. ಘಾಟಿ ಮಾತ್ರ ಮನಸ್ಸು ತುಂಬಿಸಿತು. ಅಲ್ಲಿನ 14 ತಿರುವುಗಳನ್ನು ಇಳಿಯುವಾಗ ಬ್ರೇಕಿನ ಶಕ್ತಿ ಕರೆಂಟಾಗಿ ಬ್ಯಾಟರಿಗೆ ವಾಪಸ್ ಬರುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಅದಕ್ಕೆ ಜಾಗ ಇರುವುದಿಲ್ಲ. ಆಗ ಇಳಿಜಾರಿನ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. ಮೇಲಿಂದ 80 ಪರ್ಸೆಂಟಿಗಿಂತ ಕಮ್ಮಿ ಚಾರ್ಜಿನಲ್ಲೇ ಇಳಿಯಿರಿ. ಕಾಡಿನ ನೆರಳಲ್ಲಿ, ಸದ್ದಿಲ್ಲದ ಗಾಡಿಯಲ್ಲಿ, ಜೀರುಂಡೆಗಳ ದನಿ ಕೇಳುತ್ತಾ ಸೋಮೇಶ್ವರಕ್ಕೆ ಇಳಿದು ಮತ್ತೆ ಹತ್ತಿದೆ.

ವಾಪಸ್ ಬರುವ ದಿನ ಬೆಳಕು ಹರಿಯುವ ಮೊದಲೇ ಹೊರಟೆ. ಆ ಮನೆ ಮುಟ್ಟುವಾಗ ಎಂಟು ಗಂಟೆ. ತೀರ್ಥಹಳ್ಳಿಯಿಂದ ಒಂದು ಡಜನ್ ಕಿತ್ತಳೆ ತಂದಿದ್ದೆ. ಅಜ್ಜ ತೋಟಕ್ಕೆ ಹೋಗಿದ್ದರು, ಕೆಳಗಿನಿಂದ ಮೋಟರಿನ ಸದ್ದು ಕೇಳುತ್ತಿತ್ತು. ಅಜ್ಜಿ ಚಾಪೆ ಬಿಡಿಸುತ್ತಿದ್ದರು. ಗಾಡಿಯ ಹೊಟ್ಟೆಗೆ ತಾವೇ ಕೈಯಿಟ್ಟು ನೋಡಿದರು.

"ತಣ್ಣಗಿದೆ. ಅಕ್ಕಚ್ಚು ಇಡಬಹುದು" ಎಂದರು.

"ಬೇಡ ಅಜ್ಜಿ, ಶಿವಮೊಗ್ಗಕ್ಕೆ ಸಾಕಾಗುವಷ್ಟಿದೆ."

ಬೆಲ್ಲದ ಕಾಫಿ ಕೊಟ್ಟರು. ಹೊರಡುವಾಗ ಬಾಳೆನಾರಿನಲ್ಲಿ ಕಟ್ಟಿದ ಹಪ್ಪಳದ ಕಟ್ಟು ಕೈಗಿತ್ತರು, ಮೊನ್ನೆ ನಾನು ನೋಡಿದ ಚಾಪೆಯದೇ. ಸೀಟು ಎತ್ತಿ ಚಾರ್ಜರಿನ ಪಕ್ಕದಲ್ಲಿ, ಮುರಿಯದ ಹಾಗೆ, ಟವೆಲ್ ಸುತ್ತಿ ಇಟ್ಟೆ. ಬಿಸಿಲು ಅಂಗಳಕ್ಕೆ ಬರುವ ಮೊದಲೇ ರಸ್ತೆ ಹತ್ತಿದೆ.